ಐಸ್ ಫ್ಯಾಕ್ಟರಿಯ ಶ್ರುತಿ

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮಾವ ಸ್ಟುಡಿಯೋದ ಸ್ಪಂಜು ಮೆತ್ತಿದ ಗೋಡೆಗೆ ಬಲ ಅಂಗೈ ಒತ್ತಿ, ಎಡಗೈಯಲ್ಲಿ ಬೇಸ್ ಗಿಟಾರಿನ ಕತ್ತು ಹಿಡಿದು, ಬರಬೇಕಾದವರು ಇನ್ನೂ ಬಂದಿಲ್ಲವೆಂಬಂತೆ ಕಾಯುತ್ತ ನಿಂತಿದ್ದರು. ಅದು ಅವರ ಹಳೆಯ ಚಾಳಿ. ಹಾಗೆ ಗೋಡೆ ಮುಟ್ಟದೆ ಅವರು ಒಂದು ಹಾಡನ್ನಾದರೂ ಶುರುಮಾಡಿದ್ದನ್ನು ಅವರ ಅಕ್ಕನ ಮಗಳು ಆ ದಿನದವರೆಗೆ ಕಂಡಿರಲಿಲ್ಲ.

ಬ್ಯಾಂಡಿನಲ್ಲಿ ಅವಳು ಗಿಟಾರು ನುಡಿಸುತ್ತ ಹಾಡುತ್ತಿದ್ದಳು; ಡ್ರಮ್ಮಿಗೆ ಪೇಟೆಬೀದಿಯ ಕ್ಷೌರಿಕ, ಊರೆಲ್ಲ ಅವನನ್ನು ಕರೆಯುತ್ತಿದ್ದುದು ಕತ್ತರಿ ಎಂದೇ; ಬೇಸಿಗೆ ಮಾವ. ಮಾವ ಹರೆಯದಿಂದಲೂ ಐಸ್ ಫ್ಯಾಕ್ಟರಿಯ ಯಂತ್ರ ನೋಡಿಕೊಂಡವರು. ಹೊರಗೆ ಸುಡುಬಿಸಿಲಿದ್ದರೂ ಶೀತಲಕೋಣೆಯ ದಪ್ಪ ಕೋಟನ್ನು ಕಳಚರು. ಒಣ ರಸ್ತೆಯಲ್ಲೂ ಒದ್ದೆ ನೆಲದ ಮೇಲೆಂಬಂತೆ, ಇಡೀ ಪಾದವನ್ನು ಒಮ್ಮೆಗೇ ಊರಿ ನಡೆಯುವರು.

ತಾಲೀಮು ನಡೆಯುತ್ತಿದ್ದುದು ಫ್ಯಾಕ್ಟರಿಯ ಹಿಂದಿನ ಉಗ್ರಾಣದಲ್ಲಿ. ಗೋಡೆಯಾಚೆ ಕಂಪ್ರೆಸರು ಗುಂಯ್‌ಗುಡುತ್ತಿತ್ತು. ಮಾವ ಆ ಗೋಡೆಗೆ ಕೈಯಿಟ್ಟು, ತಮ್ಮ ದಪ್ಪ ತಂತಿಯನ್ನು ಅದರ ದನಿಗೆ ಸೇರಿಸುವರು. ಅವರ ತಂತಿಗೆ ಅವಳು ತನ್ನ ಗಿಟಾರನ್ನು ಸೇರಿಸುವಳು. ಹಾಗೆ ಹುಟ್ಟಿದ ನಾದಕ್ಕೆ ಸುತ್ತಲಿನ ನಾಲ್ಕಾರು ಊರುಗಳಲ್ಲಿ ಹೆಸರಿತ್ತು. ಹಾಡು ಮುಗಿದ ಮೇಲೂ ಎದೆಗೂಡಿನೊಳಗೆ ಯಾರೋ ಓಡಾಡಿದ ಹಾಗಿರುತ್ತದೆ ಎನ್ನುತ್ತಿದ್ದರು ಕೇಳಿದವರು.

ಹಿಂದಿನ ತಿಂಗಳು ಫ್ಯಾಕ್ಟರಿ ಮುಚ್ಚಿ ಕಂಪ್ರೆಸರು ಗುಜರಿಗೆ ಹೋಯಿತು; ಅದನ್ನು ಬಿಚ್ಚಿದ ಕೈ ಮಾವನದೇ. ಮರುವಾರದ ತಾಲೀಮಿನಲ್ಲಿ ಅವರು ಯಥಾಪ್ರಕಾರ ಗೋಡೆಗೆ ಅಂಗೈಯಿಟ್ಟರು, ಕಾದರು, ತಲೆಯಾಡಿಸಿದರು, ತಂತಿ ಬಿಗಿದರು.

“ಅಣ್ಣಾ, ಆ ಕಡೆ ಬರೀ ಖಾಲಿ ಕೋಣೆ,” ಎಂದ ಕತ್ತರಿ. “ಸೊಳ್ಳೆ ಬಿಟ್ರೆ ಇನ್ಯಾರೂ ಗುಂಯ್ ಅನ್ನಲ್ಲ.”

“ಇರಲಿ, ಇರಲಿ. ನೀನು ಬಾರಿಸು.”

ಅವಳು ನಗಲಿಲ್ಲ. ಮಾವನ ತಂತಿ ಹಳೆಯ ಜಾಗಕ್ಕೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಬಂದು ನಿಂತಿತ್ತು.

ನಗರದ ಈ ಸ್ಟುಡಿಯೋವನ್ನು ನಡೆಸುತ್ತಿದ್ದ ಧ್ವನಿತಂತ್ರಜ್ಞೆ, ಯಾವ ಕಂಪನಿಯ ಹಂಗೂ ಇಲ್ಲದ ಪುಟ್ಟ ರಾಕ್ ಬ್ಯಾಂಡುಗಳನ್ನು ಹುಡುಕಿ ಮುದ್ರಿಸುವವಳು. ಇವರಿಗೆ ಒಂದು ಮಧ್ಯಾಹ್ನ ಕೊಟ್ಟಿದ್ದಳು: ಒಂದು ಹಾಡು ಒಪ್ಪಿಗೆಯಾದರೆ ಇಡೀ ಆಲ್ಬಮ್, ಇಲ್ಲದಿದ್ದರೆ ಬಂದ ದಾರಿ. ದಿನವಿಡೀ ಲಾಂಡ್ರಿಯ ಕೌಂಟರಿನಲ್ಲಿ ಊರವರ ಅಂಗಿ ಮಡಿಸುವ ಅಕ್ಕನ ಮಗಳಿಗೆ ಇಂಥ ಮಧ್ಯಾಹ್ನ ಇನ್ನೊಮ್ಮೆ ಸಿಕ್ಕೀತೆಂಬ ನಂಬಿಕೆಯಿರಲಿಲ್ಲ.

ಇವರು ಬಂದ ಕೂಡಲೇ ತಂತ್ರಜ್ಞೆ ವಾದ್ಯಗಳ ಶ್ರುತಿ ಅಳೆದಳು. “ಎಲ್ಲಾ ಒಂದಕ್ಕೊಂದು ಚೆನ್ನಾಗೇ ಹೊಂದಿದೆ. ಆದರೆ ಯಾವ ಸ್ವರಕ್ಕೂ ಸೇರದೆ ಸಂದೀಲಿ ನಿಂತಿದೆಯಲ್ಲ!”

“ಇಷ್ಟು ವರ್ಷ ತಪ್ಪು ಶ್ರುತೀಲಿ ಹಾಡಿದೀನಾ ಮಾವ?” ಅವಳ ಮುಖ ಸಣ್ಣದಾಯಿತು.

“ತಪ್ಪಲ್ಲ ಕಣೇ. ಅದು ನಮ್ಮ ಜಾಗ.”

ಅಕ್ಕನ ಮಗಳ ಹಟಕ್ಕೆ ಶ್ರುತಿ ಸರಿಮಾಡಿಕೊಂಡು, ಮಾವನಿಗೆ ಗೋಡೆ ಮುಟ್ಟಲೂ ಬಿಡದೆ, ನುಡಿಸಿದರು. ಹಾಡು ಶುದ್ಧವಾಗಿ ಬಂತು. ತೊಳೆದು ಕವಿಚಿಟ್ಟ ಪಾತ್ರೆಯಷ್ಟು ಶುದ್ಧ, ಅಷ್ಟೇ ಖಾಲಿ. ತಂತ್ರಜ್ಞೆ “ಚೆನ್ನಾಗಿದೆ” ಎಂದು ಗಡಿಯಾರ ನೋಡಿದಳು. ಆ ನೋಟದ ಅರ್ಥ ಅಕ್ಕನ ಮಗಳಿಗೆ ಗೊತ್ತಾಯಿತು. ಬಗ್ಗಿ ತನ್ನ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ, “ಮಾವ, ನಿನ್ನ ಶ್ರುತಿ ಕೊಡು,” ಎಂದಳು.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮಾವ ಗೋಡೆಗೆ ಕೈಯಿಟ್ಟದ್ದು ಆಗಲೇ. ಕಾದರು. ಕಡೆಗೊಮ್ಮೆ ತಲೆಯಾಡಿಸಿ ತಂತಿಯ ಬಿರಡೆ ತಿರುಚಿದರು.

ಈ ಸಲ ಹಾಡು ಅವಳ ಗಂಟಲಿನಿಂದ ಹೊರಡಲಿಲ್ಲ. ಅಂಗಾಲಿನಿಂದ ಏರಿ ಬಂತು. ಮುಗಿದಾಗ ತಂತ್ರಜ್ಞೆ ಮೈಕುಗಳನ್ನೆಲ್ಲ ಬಂದ್ ಮಾಡಿದಳು. ಮಾವ, ಬಂದವರನ್ನು ಬೀಳ್ಕೊಡುವಂತೆ, ಮತ್ತೆ ಗೋಡೆಗೆ ಅಂಗೈ ಒತ್ತಿದರು. ಬಂದಾದ ಮೈಕುಗಳ ಶಬ್ದಮಾಪಕದಲ್ಲಿ ಮುಳ್ಳು ಎದ್ದು ನಡುಗತೊಡಗಿತು.

“ಕರೆಂಟಿನ ಗುಂಯ್ ಇರಬೇಕು,” ಎಂದು ತಂತ್ರಜ್ಞೆ ಕಂಪನ ಎಣಿಸುವ ಪರದೆಗೆ ಬಗ್ಗಿದಳು. ಕರೆಂಟಿನದಾದರೆ ಸೆಕೆಂಡಿಗೆ ಐವತ್ತು ಇರಬೇಕು, ಅಲ್ಲಿದ್ದದ್ದು ನಲವತ್ತೇಳು, ಮಾವನ ದಪ್ಪ ತಂತಿಯದೇ ಲೆಕ್ಕ. ಒಂದೊಂದೇ ಪ್ಲಗ್ಗು ಕಿತ್ತು ನೋಡಿದಳು. ಮುಳ್ಳು ಬೀಳಲಿಲ್ಲ. ಮಾವ ಕೈ ತೆಗೆದರು; ಬಿತ್ತು.

ಅಕ್ಕನ ಮಗಳು ಆ ಜಾಗವನ್ನು ಮುಟ್ಟಿ ನೋಡಿದಳು. ಸ್ಪಂಜು ಒದ್ದೆಯಾಗಿ, ಬೆರಳು ಜೋಮು ಹಿಡಿಯುವಷ್ಟು ತಣ್ಣಗಿತ್ತು.

“ಉಳಿದ ಹಾಡುಗಳಿಗೆ ನಾಳೆ ಬನ್ನಿ,” ಎಂದಳು ತಂತ್ರಜ್ಞೆ, ದನಿ ತಗ್ಗಿಸಿ.

ಬೇಸ್ ನುಡಿಸುವವರು ಬಹುಪಾಲು ಹೀಗೆಯೇ. ಹಾಡುವವರು ಜನರ ಕಡೆ ಮುಖ ಮಾಡಿದರೆ ಇವರ ಬೆನ್ನು ಸದಾ ಯಾವುದೋ ಗೋಡೆಗೆ. ನಿಂತುಹೋದದ್ದು ನಿಂತಿತೆಂದು ಎಲ್ಲರಿಗಿಂತ ತಡವಾಗಿ ಒಪ್ಪುವವರು ಇವರು, ಕೆಲವರು ಒಪ್ಪುವುದೇ ಇಲ್ಲ. ಆಲ್ಬಮ್ಮಿನ ಹೊದಿಕೆಗೆ ಬೇಕೆಂದು ತಂತ್ರಜ್ಞೆ ಬ್ಯಾಂಡಿನಲ್ಲಿ ಒಟ್ಟು ಎಷ್ಟು ಜನ ಎಂದು ಕೇಳಿದಾಗ, ಅಕ್ಕನ ಮಗಳು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: “ನಾಲ್ಕು.”