ತೊಳೆಯುವ ಕೋಣೆಯ ಗಾಳಿ

“ಏಣಿ ಸರಿಯಾಗಿ ಹಿಡ್ಕೊಳ್ಳೇ, ಮುಂಡೇದೆ. ನಾನು ಕೆಳಗೆ ಬಿದ್ರೆ ನಿಮ್ಮಪ್ಪ ಬಂದು ಎತ್ತಾನಾ?”

ಕರೆಂಟಿನವನು ಮೇಲಿನಿಂದ ಬೈದ. ಸೀಸೆಯಮ್ಮ ಏಣಿಯನ್ನು ಎರಡೂ ಕೈಯಿಂದ ಅವುಚಿಕೊಂಡಳು. ಕೈ ಇನ್ನೂ ಒದ್ದೆಯಿತ್ತು. ಅರ್ಧ ತೊಳೆದ ಸೀಸೆಗಳು ತೊಟ್ಟಿಯಲ್ಲೇ ತೇಲುತ್ತಿದ್ದವು. ಗೋಡೆಯಲ್ಲಿ ಕೂರಿಸಿದ್ದ, ಗಾಳಿಯನ್ನು ಹೊರಗೆಳೆಯುವ ಫ್ಯಾನಿನ ಬೋಲ್ಟು ಒಂದೊಂದು ಸಡಿಲವಾದಾಗಲೂ ಗೋಡೆಯ ಸುಣ್ಣ ಅವಳ ನೆತ್ತಿಯ ಮೇಲೆ ಉದುರುತ್ತಿತ್ತು.

ಯೂನಿವರ್ಸಿಟಿಯ ರಸಾಯನಶಾಸ್ತ್ರ ಲ್ಯಾಬಿನ ಹಿಂದಿದ್ದ ಆ ಕೋಣೆಗೆ ಕಿಟಕಿ ಇರಲಿಲ್ಲ. ವಿದ್ಯಾರ್ಥಿಗಳು ಪ್ರಯೋಗ ಮಾಡಿ ಬಿಟ್ಟುಹೋದ ಸೀಸೆ, ಕೊಳವೆ, ಬೋಗುಣಿಗಳನ್ನೆಲ್ಲ ಅಲ್ಲಿ ತೊಳೆಯಬೇಕು. ತಳಕ್ಕೆ ಅಂಟಿದ್ದನ್ನು ಆಸಿಡ್ ಹಾಕಿ ಬಿಡಿಸುವಾಗ ಕೊಳೆತ ಮೊಟ್ಟೆಯಂಥ ನಾತದ ಗಾಳಿ ಏಳುತ್ತದೆ. ಎರಡು ವರ್ಷದ ಹಿಂದೆ ವಿದ್ಯಾರ್ಥಿನಿಯೊಬ್ಬಳು ಇಲ್ಲಿಗೆ ಸೀಸೆ ಕೊಡಲು ಬಂದು ಪ್ರಜ್ಞೆ ತಪ್ಪಿ ಬಿದ್ದಮೇಲೆ ಫ್ಯಾನ್ ಬಂತು. ಅದಕ್ಕೂ ಮುಂಚೆ ಹದಿನೆಂಟು ವರ್ಷ ಸೀಸೆಯಮ್ಮ ಒಬ್ಬಳೇ ಇಲ್ಲಿ ನಿಂತು ತೊಳೆದಿದ್ದಳು. ಅವಳು ಬಿದ್ದಿರಲಿಲ್ಲ. ಮೂಗು ಮಾತ್ರ ಸತ್ತಿತ್ತು.

ಬಾಗಿಲಲ್ಲಿ ಕಟ್ಟಡ ವಿಭಾಗದ ಸಾಹೇಬ ಕರವಸ್ತ್ರ ಹಿಡಿದು ನಿಂತಿದ್ದ.

“ಬೇಗ ಬಿಚ್ಚೋ. ಒಳಾಂಗಣ ಸ್ಟೇಡಿಯಂ ಉದ್ಘಾಟನೆಗೆ ಒಂಬತ್ತೇ ದಿನ. ಬಟ್ಟೆ ಬದಲಾಯಿಸೋ ಕೋಣೆಲಿ ಆಟಗಾರರ ಬೆವರಿನ ನಾತ ಅಂತೆ. ಅತಿಥಿಗಳು ಬರೋ ದಾರೀನೂ ಅದೇ.”

“ಸಾರ್, ಮತ್ತೆ ನಮಗೆ?” ಎಂದಳು ಸೀಸೆಯಮ್ಮ.

“ನಿಮಗೇನೇ? ಈ ಕಟ್ಟಡ ಇವತ್ತೋ ನಾಳೆಯೋ ಬೀಳೋದು. ಬೀಳೋ ಗೋಡೆಗೆ ಯಾರು ದುಡ್ಡು ಹಾಕ್ತಾರೆ? ಈ ವರ್ಷ ಬಂದದ್ದೆಲ್ಲ ಸ್ಟೇಡಿಯಂಗೆ ಹೋಯ್ತು.”

ಫ್ಯಾನ್ ಇದ್ದ ಜಾಗದಲ್ಲಿ ಆಕಾಶದ ಒಂದು ತುಂಡು ಕಂಡಿತು. ಒಂದೇ ಗಳಿಗೆ. ಪಾರಿವಾಳ ನುಗ್ಗುತ್ತವೆಂದು ಸಾಹೇಬ ಅದನ್ನೂ ಮುಚ್ಚಿಸಿದ. ಕರೆಂಟಿನವನು ಆಟದ ಶೂಗಳು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಚಪ್ಪಟೆ ಮಾಡಿ ತೂತಿಗೆ ತುರುಕಿ, ಅಂಚಿಗೆ ಸಿಮೆಂಟು ಮೆತ್ತಿ ಇಳಿದ.

ಸೀಸೆಯಮ್ಮನ ಜೊತೆ ಕೆಲಸ ಮಾಡುತ್ತಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಫ್ಯಾನ್ ಬಂದ ವರ್ಷವೇ ಸೇರಿದವಳು. ಅವಳ ಮೂಗು ಕೇರಿಗೆಲ್ಲ ಪ್ರಸಿದ್ಧ. ಯಾರ ಮನೆಯಲ್ಲಿ ಏನು ಸೀದಿದೆ, ಯಾವ ಗಂಡಸು ಕುಡಿದು ಬಂದು ಸುಮ್ಮನೆ ಮಲಗಿದ್ದಾನೆ ಎಂಬುದನ್ನು ಬೀದಿಯಲ್ಲಿ ನಡೆಯುತ್ತಲೇ ಹೇಳುತ್ತಿದ್ದಳು. ಕೆಲಸದಲ್ಲಿ ಸೀಸೆಯಮ್ಮನಿಗೂ ಅದೇ ಮೂಗು. ಆಸಿಡ್ ಸುರಿದು “ಬಂತಾ?” ಎಂದು ಕೇಳುವಳು. ವಾರಗಿತ್ತಿ “ಬಂತು” ಎಂದರೆ ಇಬ್ಬರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಣಿಗೆ ಓಡುವರು. ಗಾಳಿ ತಿಳಿಯಾದ ಮೇಲೆ ಒಳಗೆ ಬರುವರು.

ಫ್ಯಾನ್ ಹೋದ ಮೊದಲ ದಿನ ಹತ್ತು ಸಲ ಓಡಿದರು. ಎರಡನೆಯ ದಿನ ಲೆಕ್ಕ ಬಿಟ್ಟರು.

“ಅಕ್ಕಾ, ನಾವು ತೊಳೆಯೋಕೆ ಬರ್ತೀವೋ ಓಡೋಕೆ ಬರ್ತೀವೋ? ನಮ್ಮನ್ನೂ ಆ ಸ್ಟೇಡಿಯಂಗೆ ಸೇರಿಸ್ಕೋಬೇಕು ಬಿಡು,” ಎಂದು ವಾರಗಿತ್ತಿ ಗೋಡೆಗೊರಗಿ ನಕ್ಕಳು. ನಗು ಕೆಮ್ಮಾಯಿತು.

ಐದನೆಯ ದಿನ ಸೀಸೆಯಮ್ಮ “ಬಂತಾ?” ಎಂದಳು.

“ಇಲ್ಲ.”

ಇನ್ನೊಂದು ಸೀಸೆಗೆ ಸುರಿದಳು. “ಈಗ?”

“ಇಲ್ಲಕ್ಕ. ಇವತ್ತು ಏನೂ ಇಲ್ಲ. ಚೆನ್ನಾಗಿದೆ.”

ಆಗಲೇ ಕೊಳವೆಗಳ ತಟ್ಟೆ ಹಿಡಿದು ಬಂದ ಇಬ್ಬರು ವಿದ್ಯಾರ್ಥಿಗಳು ಬಾಗಿಲಲ್ಲೇ “ಅಯ್ಯಪ್ಪಾ!” ಎಂದು ಬಾಯಿ ಮುಚ್ಚಿಕೊಂಡು, ತಟ್ಟೆಯನ್ನು ನೆಲಕ್ಕೆ ಕುಕ್ಕಿ ಹಿಂದಕ್ಕೆ ಓಡಿದರು. ಸೀಸೆಯಮ್ಮ ವಾರಗಿತ್ತಿಯ ಮುಖ ನೋಡಿದಳು. ಅವಳು ಸೀಸೆಯೊಂದನ್ನು ಎತ್ತಿ ಮೂಗಿನ ಬಳಿಗೆ ತರಲು ಹೋದಳು. ಸೀಸೆಯಮ್ಮ ಕೈಯಿಂದ ಕಿತ್ತುಕೊಂಡು ಅವಳ ರಟ್ಟೆ ಹಿಡಿದು ಹೊರಗೆ ಎಳೆದಳು.

ಆ ಸಂಜೆ ವಾರಗಿತ್ತಿಯ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕೆಂಪಗಾಯಿತು. ವಾರಗಿತ್ತಿ ಒಲೆಗೆ ಬೆನ್ನು ಹಾಕಿ ಮಗಳ ತಲೆ ಬಾಚುತ್ತಿದ್ದಳು. ಸೀಸೆಯಮ್ಮ ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದಳು. “ಅಮ್ಮಾ, ಸೀದ ವಾಸನೆ!” ಎಂದು ಮಗು ಮೂಗು ಹಿಡಿದುಕೊಂಡಾಗಲೇ ಇಬ್ಬರೂ ತಿರುಗಿದ್ದು.

ವಾರಗಿತ್ತಿ ಪಾತ್ರೆ ಇಳಿಸಲಿಲ್ಲ. ಮಗುವಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಅದರ ನೆತ್ತಿಗೆ ಮೂಗು ಒತ್ತಿದಳು. ಒಮ್ಮೆ, ಮತ್ತೊಮ್ಮೆ. ಸೀಸೆಯಮ್ಮ ಎದ್ದು ಪಾತ್ರೆ ಇಳಿಸಿದಳು.

ಮರುದಿನ ಲ್ಯಾಬಿನ ಮೇಷ್ಟ್ರ ಹತ್ತಿರ ಹೋದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ಒಂದೆರಡು ವಾರ ಒಳ್ಳೆ ಗಾಳೀಲಿ ಇದ್ರೆ ಇವಳ ಮೂಗು ತಿರುಗಿ ಬರಬಹುದು. ಅದರೊಳಗೇ ಕುಡೀತಾ ಹೋದ್ರೆ ಬರಲ್ಲ. ಮೂಗಷ್ಟೇ ಅಲ್ಲಮ್ಮ. ನಾತ ಗೊತ್ತಾಗದೇ ಇದ್ದಾಗ್ಲೇ ಆ ಗಾಳಿ ಆಳನ್ನ ಬೀಳಿಸೋದು.”

“ಹಂಗಾದ್ರೆ ಫ್ಯಾನ್ ಹಾಕ್ಸಿ ಸ್ವಾಮಿ.”

“ನಾನು ಹನ್ನೊಂದು ಪತ್ರ ಬರೆದಿದೀನಿ.” ಮೇಷ್ಟ್ರು ಮೇಲೆ ನೋಡಿದರು. ಅವರ ಕುರ್ಚಿಯ ಮೇಲಿನ ಸೂರಿಗೂ ಮರದ ಕಂಬವೊಂದನ್ನು ಆನಿಸಿ ನಿಲ್ಲಿಸಿದ್ದರು. “ಸ್ಟೇಡಿಯಂ ಥರ ಲ್ಯಾಬು ಫೋಟೋದಲ್ಲಿ ಚೆಂದ ಕಾಣಲ್ಲಮ್ಮ.”

ಕನ್ನಡಕ ಹಾಕಿಕೊಂಡು ಮೇಜಿನ ಕಾಗದಗಳತ್ತ ಬಗ್ಗಿದರು. ಎಷ್ಟು ಹೊತ್ತು ನಿಂತರೂ ಅಷ್ಟೇ ಎಂದು ತಿಳಿದು ಹೆಂಗಸರು ಹೊರಬಂದರು.

ಸಾಹೇಬ ಸ್ಟೇಡಿಯಂ ಮೆಟ್ಟಿಲಲ್ಲಿ ಕುರ್ಚಿ ಇಡಿಸುತ್ತಿದ್ದ. ಸೀಸೆಯಮ್ಮ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿ ಕರೆಂಟಿನವನ ಕಡೆ ತಿರುಗಿ ನಕ್ಕ.

“ನೋಡೋ, ನಾತ ಬರ್ತಿಲ್ಲ ಅಂತ ದೂರು ಹೇಳೋಕೆ ಬಂದಿದಾಳೆ! ಪುಣ್ಯ ಮಾಡಿದೀಯ ಕಣೇ. ನಮಗೆ ನಿಮ್ಮ ಮೈ ನಾತಾನೂ ಬರ್ತಿದೆ.” ಆಮೇಲೆ ನಗು ನಿಂತಿತು. “ಆಗಲ್ಲ ಅಂದ್ರೆ ಬಿಟ್ಟು ಹೋಗ್ರೇ, ಲೌಡೀರ. ನಾಳೆ ಬೆಳಗ್ಗೆ ಬೇರೆ ಇಬ್ಬರು ಬರ್ತಾರೆ. ಅವರಿಗೆ ಹೊಸ ಮೂಗು ಇರುತ್ತೆ.”

ದಾರಿಯಲ್ಲಿ ವಾರಗಿತ್ತಿ, “ಬಿಟ್ಟೇಬಿಡೋಣ ಅಕ್ಕ,” ಎಂದಳು.

“ಬಿಟ್ಟು?”

ಇಬ್ಬರ ಮನೆಯೂ ಈ ಸೀಸೆಗಳ ಮೇಲೇ ನಡೆಯುತ್ತಿತ್ತು. ಸೀಸೆಯಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಒಂದಿಷ್ಟು ಕಸುವು ಬೇಕು. ಕಾಲು ನೋಯುತ್ತಿತ್ತು. ಆ ಹೊಸ ಇಬ್ಬರು ಯಾರಿರಬಹುದು ಎಂದು ಯೋಚಿಸುತ್ತಾ ನಡೆದಳು.

ಉದ್ಘಾಟನೆಯ ಬೆಳಗ್ಗೆ ಕಾವಲಿನವನು ಸ್ಟೇಡಿಯಂನ ಹಿಂಬಾಗಿಲಲ್ಲಿ ಅವರನ್ನು ತಡೆದ. ಇಬ್ಬರ ತಲೆಯ ಮೇಲೂ ದೊಡ್ಡ ಪ್ಲಾಸ್ಟಿಕ್ ಬುಟ್ಟಿ. ಹಿಂದೆ ಇನ್ನೂ ನಾಲ್ಕು ಬುಟ್ಟಿ ಕೈಗಾಡಿಯಲ್ಲಿದ್ದವು.

“ಏನಿದು?”

“ತೊಳೆಯೋದು,” ಎಂದಳು ಸೀಸೆಯಮ್ಮ.

ಇವತ್ತು ಎಲ್ಲರೂ ಏನೋ ಒಂದನ್ನು ತೊಳೆಯುವವರೇ. ಅವನು ದಾರಿ ಬಿಟ್ಟ.

ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಗಳು ಸೊಂಟದವರೆಗೆ ಬಿಳಿ ಟೈಲ್ಸು. ಸಾಲಾಗಿ ಎಂಟು ತೊಟ್ಟಿ. ನಲ್ಲಿ ತಿರುಗಿಸಿದರೆ ಬಿಸಿನೀರು. ಮೇಲೆ, ಹಸಿರು ಬಣ್ಣ ಬಳಿಸಿಕೊಂಡ ಅವರ ಫ್ಯಾನ್ ತಿರುಗುತ್ತಿತ್ತು. ಅದರ ಕೆಳಗೆ ಬುಟ್ಟಿ ಇಳಿಸಿ ಸೀಸೆಯಮ್ಮ ಸೆರಗು ಸಿಕ್ಕಿಸಿದಳು. ಲ್ಯಾಬಿನ ಸೀಸೆಗಳನ್ನು ತೊಟ್ಟಿಗಿಳಿಸಿ ಆಸಿಡ್ ಸುರಿದಳು. ದಿನವೂ ಹೇಗೆ ತೊಳೆಯುತ್ತಿದ್ದರೋ ಹಾಗೇ ತೊಳೆಯತೊಡಗಿದರು.

ಮೊದಲು ಬಂದ ಆಟಗಾರರು ಚೀಲ ಬಿಟ್ಟು ಓಡಿದರು. ಆಮೇಲೆ ಕಾವಲಿನವನು ಇಣುಕಿ ಮರೆಯಾದ. ಕೊನೆಗೆ ಸಾಹೇಬ ಬಂದ. ಹೊಸ ಕೋಟು, ಎದೆಗೆ ಗುಲಾಬಿ. ಹೊಸ್ತಿಲಲ್ಲೇ ವಾಕರಿಸಿ ಹಿಂದಕ್ಕೆ ಸರಿದ.

“ಏನ್ರೇ ಇದು, ಬೋಳಿ ಮುಂಡೇರ! ಎತ್ರೇ ಎಲ್ಲಾ! ಹೊರಗೆ ನಡೀರಿ!”

“ತೊಳೆದು ಮುಗೀಲಿ ಸಾರ್,” ಎಂದಳು ಸೀಸೆಯಮ್ಮ. “ಫ್ಯಾನ್ ಇಲ್ಲಿದೆ. ಕೆಲಸಾನೂ ಇಲ್ಲಿಗೇ ತಂದ್ವಿ.”

“ಎಳೆದು ಹಾಕೋ ಅವರನ್ನ!”

ಕರೆಂಟಿನವನು ಒಂದು ಹೆಜ್ಜೆ ಇಟ್ಟು, ಕೆಮ್ಮಿ, ಕಣ್ಣೊರೆಸಿಕೊಂಡು ವಾಪಸಾದ. “ಆಗಲ್ಲ ಸಾರ್. ಒಳಗೆ ಹೋದ್ರೆ ನಾನೇ ಬೀಳ್ತೀನಿ.”

“ಹಂಗಾದ್ರೆ ಫ್ಯಾನ್ ಆರಿಸು. ಸಾಯ್ಲಿ!”

“ಫ್ಯಾನ್ ಆರಿಸಿದ್ರೆ ಈ ನಾತ ಎಲ್ಲಾ ಒಳಗಿನ ಹಾಲ್‌ಗೇ ನುಗ್ಗುತ್ತೆ ಸಾರ್. ಅತಿಥಿಗಳು ಕೂತಿದಾರೆ.”

ಸಾಹೇಬ ಗಕ್ಕನೆ ತಿರುಗಿದ. ಓಣಿಯಲ್ಲಿ ಅವನ ಬೂಟಿನ ಸದ್ದು ದೂರ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ನಲ್ಲಿಗಳು ಗೊರಗೊರ ಎಂದು ಒಮ್ಮೆಲೇ ಒಣಗಿದವು. ಅವನು ನೀರು ನಿಲ್ಲಿಸಿಬಿಟ್ಟಿದ್ದ.

ಇನ್ನೂ ಮೂರು ಬುಟ್ಟಿ ಉಳಿದಿದ್ದವು. ವಾರಗಿತ್ತಿ ನೊರೆ ಮೆತ್ತಿದ ಕೈಗಳನ್ನು ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಳು.

“ಈಗೇನು ಮಾಡೋದು ಅಕ್ಕ?”

“ಕೂತ್ಕೋ.”

“ಪೊಲೀಸರನ್ನ ಕರೀತಾರೆ.”

“ಕರೀಲಿ. ಅವರಿಗೂ ಮೂಗಿದೆ.”

ಇಬ್ಬರೂ ಟೈಲ್ಸಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತರು. ಹಾಲ್‌ನಲ್ಲಿ ಮೈಕು ಕಿರುಗುಟ್ಟಿ ಸ್ವಾಗತ ಭಾಷಣ ಶುರುವಾಯಿತು. ಯಾರೋ ಯಾರನ್ನೋ ಹೊಗಳಿದರು. ಚಪ್ಪಾಳೆ. ಬಾಗಿಲಾಚೆ ಬಟ್ಟೆ ಕಟ್ಟಿದ ಮುಖಗಳು ಬಂದು, ಬುಟ್ಟಿ ಎಣಿಸಿ, ಪಿಸುಗುಟ್ಟಿ ಹೋದವು. ಒಳಗೆ ಕಾಲಿಡಲಿಲ್ಲ.

ಎರಡನೆಯ ಭಾಷಣದ ಹೊತ್ತಿಗೆ ವಾರಗಿತ್ತಿಯ ತಲೆ ಸೀಸೆಯಮ್ಮನ ಹೆಗಲಿಗೆ ಬಿತ್ತು. ಸೀಸೆಯಮ್ಮ ಬೆಚ್ಚಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದಳು. ಉಸಿರು ಬಿಸಿಯಾಗಿ ಆಡುತ್ತಿತ್ತು. ನಿದ್ದೆ, ಅಷ್ಟೆ.

ಸೀಸೆಯಮ್ಮ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.