ಅಕ್ಕನ ಮೊದಲ ಗನ್ನು

ನಲವತ್ತು ದಾಟಿದ ಮೇಲೆ ನನ್ನ ಅಕ್ಕ ಮದುವೆಗೆ ಒಪ್ಪಿದಳು. ಒಪ್ಪಿದ ಮೇಲೆ ಒಂದು ಪಟ್ಟು ಹಿಡಿದು ಕೂತಳು. ಭಾವನ ಮಗಳು ತನ್ನನ್ನು ಬಾಯಿ ತುಂಬ ಏನಾದರೊಂದು ಕರೆಯುವವರೆಗೆ ಆ ಮನೆಗೆ ಕಾಲಿಡುವುದಿಲ್ಲವಂತೆ.

"ಏನು ಬೇಕಾದ್ರೂ ಕರೀಲಿ, ಬೈಗುಳ ಆದ್ರೂ ಪರವಾಗಿಲ್ಲ," ಅಂದಳು. "ಆದ್ರೆ ಕರೀಲಿ. ನನ್ನ ಕರೆಯೋಕೆ ಒಂದು ಮಾತೂ ಇಲ್ಲದ ಮನೇಲಿ ನಾನು ಹೇಗಿರ್ಲಿ?"

ಅಕ್ಕ ಗೋಡೆಗಳಿಗೆ ಬಣ್ಣ ಹೊಡೆಯುವವಳು. ನಾನು ಪೇಂಟ್ ಅಂಗಡಿಯಲ್ಲಿ ಆ ಬಣ್ಣ ಕಲೆಸಿ ಕೊಡುವವಳು. ಭಾವ ಲಿಫ್ಟ್ ಮೆಕ್ಯಾನಿಕ್. ಅವರು ಆಗಿನ್ನೂ ಭಾವ ಆಗಿರಲಿಲ್ಲ, ನಾನೇ ಮುಂಗಡವಾಗಿ ಕರೆಯಲು ಶುರು ಮಾಡಿದ್ದೆ. ಯಾರನ್ನಾದರೂ ಏನಾದರೂ ಕರೆಯುವುದಕ್ಕೆ ನನಗೆ ಯಾವತ್ತೂ ಕಷ್ಟವಾಗಿಲ್ಲ. ಒಂದು ದೊಡ್ಡ ಕಟ್ಟಡದಲ್ಲಿ ಅಕ್ಕ ಆಗಷ್ಟೇ ಬಣ್ಣ ಹೊಡೆದಿದ್ದ ಲಿಫ್ಟಿನ ಬಾಗಿಲಿಗೆ ಅವರು ಅಂಗೈ ಊರಿದ್ದರು. ಅಕ್ಕ ಅವರ ಜನ್ಮ ಜಾಲಾಡಿದಳು. ಮಾರನೆಯ ದಿನ ಇನ್ನೊಂದು ಮಹಡಿಯ ಬಾಗಿಲ ಮೇಲೂ ಅದೇ ಅಂಗೈ ಮೂಡಿತ್ತು. ಮೊದಲನೆಯದು ಅಕಸ್ಮಾತ್ ಎಂದು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ.

ಮಗಳಿಗೆ ಹದಿನೈದು ವರ್ಷ. ಬಣ್ಣ ತುಂಬಿದ ಗುಂಡನ್ನು ಗನ್ನಿನಿಂದ ಹೊಡೆದು ಎದುರಿನವರನ್ನು ಔಟ್ ಮಾಡುವ ಪೇಂಟ್‌ಬಾಲ್ ಆಟದ ಹುಚ್ಚು. ತಂಡದ ನಾಯಕಿಯಾದ್ದರಿಂದ ಮನೆಯಲ್ಲೂ ಕ್ಯಾಪ್ಟನ್ ಎಂದೇ ಹೆಸರು. ಹುಡುಗಿಯಲ್ಲಿ ಒಂದು ಹುಳುಕೂ ಇಲ್ಲ. ಅಕ್ಕ ಹೋದರೆ ನೀರು ತಂದುಕೊಡುತ್ತಿದ್ದಳು, ಕೂರಲು ಕುರ್ಚಿ ಎಳೆಯುತ್ತಿದ್ದಳು. ಆದರೆ "ಅಪ್ಪಾ, ಅವರು ಬಂದಿದ್ದಾರೆ" ಅನ್ನುವುದನ್ನು ಬಿಟ್ಟರೆ ಬೇರೆ ಮಾತಿಲ್ಲ. ಅಕ್ಕನನ್ನೇ ಮಾತನಾಡಿಸಬೇಕಾಗಿ ಬಂದರೆ "ಇಲ್ಲಿ ನೋಡಿ" ಅನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ಅಡ್ಡಗಟ್ಟಿ ಕೇಳಿಯೇಬಿಟ್ಟೆ.

ಅವಳು ಒಂದಿಷ್ಟೂ ಅಂಜದೆ ಹೇಳಿದಳು. "ಏನಂತ ಕರೀಲಿ, ನೀವೇ ಹೇಳಿ. ನಂಗೆ ಅಮ್ಮ ಇದ್ದಾರೆ, ಬೇರೆ ಊರಲ್ಲಿದ್ರೂ ದಿನಾ ಫೋನ್ ಮಾಡ್ತಾರೆ. ಆ ಮಾತು ಖಾಲಿ ಇಲ್ಲ. ಆಂಟಿ ಅಂದ್ರೆ ಮೇಲಿನ ಮನೆಯವರು. ಚಿಕ್ಕಮ್ಮ ಅಂದ್ರೆ ಕಥೇಲಿ ಮಕ್ಕಳನ್ನ ಕಾಡಿಗೆ ಕಳಿಸೋರು. ಇವರು ಹಾಗೇನಿಲ್ವಲ್ಲ."

ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳಗೆ ಅಕ್ಕ, ಮೊದಲ ಸಲ ಬಂದಾಗಿನಿಂದ ಕಣ್ಣಿಟ್ಟಿದ್ದ ಗೋಡೆಯ ಮೇಲಿನ ಕಾಫಿ ಕಲೆಯನ್ನು ಸೊಂಟದ ಜೇಬಿನ ಬಟ್ಟೆಯಿಂದ ಒರೆಸುತ್ತಿದ್ದಳು. ಆ ಬಟ್ಟೆ ಇಲ್ಲದೆ ಅವಳನ್ನು ನಾನು ಕಂಡೇ ಇಲ್ಲ. ಎಲ್ಲಿ ಏನು ಚೆಲ್ಲಿದ್ದರೂ ಅವಳ ಕೈ ಅವಳನ್ನು ಕೇಳದೆ ಅಲ್ಲಿಗೆ ಹೋಗುತ್ತದೆ.

ಅಷ್ಟರಲ್ಲಿ ಭಾವ ಲಿಫ್ಟಿನ ಮೋಟಾರು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರು. ಕ್ಯಾಪ್ಟನ್ನಿನ ತಂಡಕ್ಕೆ ಮುಂದಿನ ಭಾನುವಾರ ಪಂದ್ಯ. ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರು ಆಡಲೇಬೇಕಾದ ಪಂದ್ಯ ಅದು. ಪ್ರತಿ ಸಲ ಭಾವನೇ ಆಡುತ್ತಿದ್ದರು. ಈಗ ಮಂಚದ ಮೇಲೆ ಮಲಗಿಕೊಂಡೇ, "ಇವಳು ಆಡ್ತಾಳೆ" ಎಂದು ಅಕ್ಕನ ಕಡೆ ಬೆರಳು ತೋರಿಸಿದರು. ಕ್ಯಾಪ್ಟನ್ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಲ್ಲಿ ಬಾಡಿಗೆಗೆ ಗನ್ ಸಿಗುತ್ತೆ, ಆದ್ರೆ ಅರ್ಧ ಆಟಕ್ಕೆ ಕೆಟ್ಟು ನಿಲ್ಲುತ್ತೆ" ಎಂದಳು.

"ಬೇರೆಯವರ ಸಾಮಾನು ನಾನು ಮುಟ್ಟಲ್ಲ," ಅಂದಳು ಅಕ್ಕ. "ಬ್ರಷ್ಷಾಗ್ಲಿ, ಗನ್ನಾಗ್ಲಿ. ನಂದೇ ಒಂದು ತಗೋತೀನಿ."

ಹಾಗೆ ನಾವು ಮೂವರೂ ಹೆಂಗಸರು ಗನ್ ಕೊಳ್ಳಲು ಹೊರಟೆವು. ಅಂಗಡಿ ಸೈಕಲ್ ರಿಪೇರಿಯವನ ಮೇಲಿನ ಮಹಡಿಯಲ್ಲಿತ್ತು. ಗಲ್ಲಾದ ಹಿಂದಿದ್ದ ಗಡ್ಡದವನು ಅಕ್ಕನನ್ನು ನೋಡಿ, ಹೊಸಬರು ಎಂದು ಗೊತ್ತಾದ ಕೂಡಲೇ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ತಂದ. ಕಪ್ಪಗೆ ಹೊಳೆಯುತ್ತಿತ್ತು, ಮೈತುಂಬ ಗುಂಡಿಗಳು.

"ಒತ್ತಿ ಹಿಡ್ಕೊಂಡ್ರೆ ಸಾಕು ಮೇಡಂ, ಮಳೆ ಸುರಿದ ಹಾಗೆ ಸುರಿಯುತ್ತೆ."

"ಇದನ್ನ ತೊಳೆಯೋದು ಹೇಗೆ?" ಅಂದಳು ಅಕ್ಕ.

ಆ ಪ್ರಶ್ನೆಯನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಗಡ್ಡ ಕೆರೆದುಕೊಂಡ. ಇನ್ನೊಂದನ್ನು ತಂದ, ಅದಕ್ಕೆ ಬ್ಯಾಟರಿ. ಅಕ್ಕ ಒಂದು ಕೈಯಲ್ಲಿ ತೂಗಿ ನೋಡಿ, ಸಂಜೆವರೆಗೆ ಹಿಡಿದರೆ ಭುಜ ಬಿದ್ದುಹೋಗುತ್ತದೆ ಎಂದು ಕೆಳಗಿಟ್ಟಳು. ಮೂರನೆಯದರ ಬಣ್ಣ ಚೆನ್ನಾಗಿದೆ ಎಂದು ನಾನು ಬಾಯಿ ಹಾಕಿದೆ. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕ್ಯಾಪ್ಟನ್ ಮೂಲೆಯ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಮುಳುಗಿದ್ದಳು. ಈ ವ್ಯಾಪಾರಕ್ಕೂ ತನಗೂ ಸಂಬಂಧವೇ ಇಲ್ಲ ಎಂಬಂಥ ಕೂರುವಿಕೆ.

ಕೊನೆಗೆ ಅಕ್ಕನೇ ಕೆಳಗಿನ ಕಪಾಟಿಗೆ ಬಗ್ಗಿ ಒಂದನ್ನು ಎತ್ತಿಕೊಂಡಳು. ಬೂದು ಬಣ್ಣದ್ದು, ಸಣ್ಣದು, ನೋಡಲು ಏನೂ ಇಲ್ಲ. ಒಂದು ಪಿನ್ನು ಎಳೆದರೆ ಇಡೀ ಗನ್ನು ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ಗಲ್ಲಾದ ಮೇಲೆ ಅದರ ಭಾಗಗಳನ್ನು ಬಿಚ್ಚಿದ ಸಾಲಿನಲ್ಲೇ ಹರಡಿ, ಒಳಗಿನ ರಬ್ಬರು ಬಳೆಯನ್ನು ಉಗುರಿನಿಂದ ಒತ್ತಿ ನೋಡಿ, ತಿರುಗಿ ಜೋಡಿಸಿದಳು.

"ಇದು ನನ್ನ ಕೈಗೆ ಅರ್ಥ ಆಗುತ್ತೆ."

"ಹೊಸಬರಿಗೆ ಅದೇ ಸರಿ," ಎಂದು ಮೂಲೆಯಿಂದ ದನಿ ಬಂತು. ಕ್ಯಾಪ್ಟನ್ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ಆದರೆ ನೋಡುತ್ತಿದ್ದಳು ಎಂದಾಯಿತು.

ಅಂಗಡಿಯ ಹಿಂದೆ ಉದ್ದನೆಯ ಓಣಿಯಂಥ ಜಾಗ, ಅದರ ತುದಿಯಲ್ಲಿ ಒಂದು ತಗಡಿನ ಡ್ರಮ್ಮು. ಹೊಡೆದು ನೋಡಿ ಎಂದು ಗಡ್ಡದವನು ಹೇಳಿದ. ಅಕ್ಕ ಗುಂಡು ತುಂಬಿಸಿಕೊಂಡು, ಗಾಳಿಯ ಒತ್ತಡದ ತಿರುಪು ಎಲ್ಲಿದೆ ಎಂದು ಕೇಳಿ, ಅದನ್ನು ತಿರುಗಿಸುವ ಕೀಲಿ ಇಸಿದುಕೊಂಡು ಒತ್ತಡ ಇಳಿಸಿದಳು. ಇನ್ನೂ ಇಳಿಸಿದಳು. ಆಮೇಲೆ ಹೊಡೆದಳು. ಗುಂಡು ಹೋಗಿ ಡ್ರಮ್ಮಿನ ನಟ್ಟನಡುವೆ ತಾಗಿ, ಒಡೆಯದೆ ಪುಟಿದು, ಉರುಳಿಕೊಂಡು ಬಂದು ಕ್ಯಾಪ್ಟನ್ನಿನ ಬೂಟಿನ ಹತ್ತಿರ ನಿಂತಿತು. ಎರಡನೆಯದೂ ಹಾಗೆಯೇ ಬಂತು.

ಅಕ್ಕನಿಗೆ ಬಹಳ ತೃಪ್ತಿ. "ನೋಡು, ಒಂದು ಹನೀನೂ ಆಚೆ ಬಿದ್ದಿಲ್ಲ."

ಕ್ಯಾಪ್ಟನ್ ಬಗ್ಗಿ ಗುಂಡು ಹೆಕ್ಕಿಕೊಂಡಳು. "ಇದು ಒಡೀಬೇಕು. ಒಡೀದಿದ್ರೆ ಎದುರಿನವರು ಔಟಾಗಲ್ಲ."

"ಒಡೆದ್ರೆ ಚಿಮ್ಮುತ್ತಲ್ಲ."

"ಚಿಮ್ಮೋದೇ ಆಟ."

"ಬಣ್ಣ ಚಿಮ್ಮಬಾರ್ದು ಅಂತ ಕಲಿಯೋಕೇ ನನಗೆ ಎಷ್ಟು ವರ್ಷ ಹಿಡೀತು ಗೊತ್ತಾ?" ಅಂದಳು ಅಕ್ಕ, ನಿಜವಾದ ಸಂಕಟದಿಂದ. "ಈಗ ಬೇಕು ಬೇಕಂತಲೇ ಚಿಮ್ಮಿಸು ಅಂದ್ರೆ ನನ್ನ ಕೈ ಹೇಗೆ ಒಪ್ಪುತ್ತೆ?"

ಕ್ಯಾಪ್ಟನ್ ನಕ್ಕುಬಿಟ್ಟಳು. ತುಟಿಯಂಚಿನ ಮರ್ಯಾದೆಯ ನಗುವಲ್ಲ, ಹಲ್ಲಿನ ಕ್ಲಿಪ್ಪು ಕಾಣುವಂಥ ನಗು. ಕೀಲಿ ಇಸಿದುಕೊಂಡು ತಿರುಪನ್ನು ತಾನೇ ಸರಿ ಮಾಡಿದಳು. ಮುಂದಿನ ಗುಂಡು ಪಟ್ ಎಂದು ಒಡೆದು ಡ್ರಮ್ಮಿನ ತುಂಬ ಕಿತ್ತಳೆ ಬಣ್ಣ ಹರಡಿತು. ಅಕ್ಕನ ಕೈ ಸೊಂಟದ ಜೇಬಿಗೆ ಹೋಯಿತು. ನಾನು ಅದನ್ನು ಹಿಡಿದು ನಿಲ್ಲಿಸಿದೆ.

"ಗನ್ ಆಮೇಲೆ," ಎಂದಳು ಕ್ಯಾಪ್ಟನ್, ಈಗ ಅಂಗಡಿ ಅವಳದ್ದೇ ಎಂಬ ಹಾಗೆ. "ಮೊದಲು ಮಾಸ್ಕ್. ಹೊಸಬರೆಲ್ಲ ಗನ್ನಿಗೆ ದುಡ್ಡು ಸುರಿದು ಮಾಸ್ಕು ಹಳೇದು ಹಾಕ್ತಾರೆ." ಆರಿಸಿ ಒಂದನ್ನು ತಂದು ಅಕ್ಕನ ಮುಖಕ್ಕೆ ತೊಡಿಸಿದಳು, ಹಿಂದೆ ಹೋಗಿ ಪಟ್ಟಿ ಬಿಗಿದಳು, ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸಿದಳು. ಅಕ್ಕ ಅಲ್ಲಾಡದೆ ನಿಂತಿದ್ದಳು.

"ಉಸಿರಾಡೋಕೆ ಆಗ್ತಿದ್ಯಾ..." ಎಂದು ಕ್ಯಾಪ್ಟನ್ ಕೇಳಿ ತಡೆದಳು. ಕೊನೆಯಲ್ಲಿ ಒಂದು ಮಾತು ಬೇಕಿತ್ತು. ಅಕ್ಕ ಕಾದಳು, ನಾನೂ ಕಾದೆ, ಯಾಕೆಂದು ತಿಳಿಯದೆ ಗಡ್ಡದವನೂ ಕಾದ. "...ನೋಡಿ," ಎಂದು ಅವಳು ಮುಗಿಸಿದಳು. ಮಾಸ್ಕಿನ ಒಳಗೆ ಅಕ್ಕನ ಮುಖ ಹೇಗಿತ್ತೋ ಕಾಣಲಿಲ್ಲ.

ಭಾನುವಾರ ನಾನೂ ಭಾವನೂ ಬಲೆಯ ಹೊರಗೆ ನಿಂತೆವು. ಭಾವ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಬಂದಿದ್ದರು. ಹಳೆಯ ಗೋದಾಮನ್ನೇ ಆಟದ ಬಯಲು ಮಾಡಿದ್ದರು. ಅಲ್ಲಲ್ಲಿ ಟೈರುಗಳ ರಾಶಿ, ಕೇಬಲ್ಲಿನ ಖಾಲಿ ಉರುಳೆಗಳು, ಅಡಗಿಕೊಳ್ಳಲು ಸೊಂಟದೆತ್ತರದ ಮರದ ಹಲಗೆಗಳು. ಹಲಗೆಗಳಿಗೆ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರು. ಅದನ್ನು ನೋಡಿದಾಗಲೇ ನನ್ನ ಕಣ್ಣು ಅಕ್ಕನ ಸೊಂಟದ ಜೇಬಿಗೆ ಹೋಗಿತ್ತು.

"ಎಡಗಡೆ ಹಲಗೆ ಹಿಂದೆ ಇರಿ. ಏನೇ ಆದ್ರೂ ಎದ್ದು ನಿಲ್ಬೇಡಿ," ಎಂದು ಕ್ಯಾಪ್ಟನ್ ಅಕ್ಕನಿಗೆ ಹೇಳಿದ್ದು ನಮಗೂ ಕೇಳಿಸಿತು.

ಸೀಟಿ ಕೂಗಿತು. ಅಕ್ಕ ನಾವಂದುಕೊಂಡಷ್ಟು ಕೆಟ್ಟದಾಗಿ ಆಡಲಿಲ್ಲ. ಎದುರು ತಂಡದ ಹಿರಿಯ, ಊರಿನ ಹಲ್ಲಿನ ಡಾಕ್ಟರು, ಉರುಳೆಯ ಹಿಂದಿನಿಂದ ಇಣುಕಿದಾಗ ಅವರ ಎದೆಗೇ ಹೊಡೆದಳು. ಹೊಡೆದು, "ಕ್ಷಮಿಸಿ ಡಾಕ್ಟ್ರೇ, ನೀರಲ್ಲಿ ನೆನೆಸಿದ್ರೆ ಹೋಗುತ್ತೆ" ಎಂದು ಕೂಗಿದಳು. ಭಾವ ನಗಲು ಹೋಗಿ ಸೊಂಟ ಹಿಡಿದುಕೊಂಡರು.

ಆಟ ಬಿಗಿಯಾಯಿತು. ಎರಡೂ ಕಡೆ ಇಬ್ಬಿಬ್ಬರೇ ಉಳಿದರು. ನಮ್ಮ ಕಡೆ ಅಕ್ಕ ಮತ್ತು ಕ್ಯಾಪ್ಟನ್. ಆಗ ಒಂದು ಗುಂಡು ಅಕ್ಕನ ಹಲಗೆಯ ಮೇಲಂಚಿಗೆ ಬಡಿದು ಒಡೆಯಿತು. ಬಿಳಿಯ ಮೇಲೆ ಕಿತ್ತಳೆ ಬಣ್ಣ ಅಂಚು ದಾಟಿ ಅವಳ ಕಡೆಗೇ ದಪ್ಪಗೆ, ನಿಧಾನವಾಗಿ, ಕೆಳಗೆ ಇಳಿಯತೊಡಗಿತು.

"ಬೇಡ ಅಕ್ಕ," ಎಂದೆ ನಾನು ಬಲೆಗೆ ಮುಖ ಒತ್ತಿ. "ಬೇಡ, ಬೇಡ."

ಅಕ್ಕ ಎದ್ದು ನಿಂತಳು. ಗನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಜೇಬಿನಿಂದ ಬಟ್ಟೆ ತೆಗೆದು, ಇಳಿಯುತ್ತಿದ್ದ ಬಣ್ಣವನ್ನು ಒಣಗುವ ಮುಂಚೆ ಮೇಲಿನಿಂದ ಕೆಳಕ್ಕೆ ನೀಟಾಗಿ ಒರೆಸತೊಡಗಿದಳು. ಎದುರು ತಂಡದ ಇಬ್ಬರು ಬೆಪ್ಪಾಗಿ ನಿಂತರು. ಆಟದ ನಡುವೆ ಬಯಲನ್ನು ಸ್ವಚ್ಛ ಮಾಡುವವರನ್ನು ಅವರು ಎಲ್ಲಿ ಕಂಡಿರುತ್ತಾರೆ? ಬೆಪ್ಪು ಇಳಿದ ಮೇಲೆ ಅವರಲ್ಲೊಬ್ಬ ಗನ್ನು ಎತ್ತಿದ.

ಟೈರುಗಳ ಹಿಂದಿನಿಂದ ಕ್ಯಾಪ್ಟನ್ ಕೂಗಿದಳು. "ಇಲ್ಲಿ ನೋಡಿ."

ಹೊರಗೆ ನಿಂತಿದ್ದ ಹಿರಿಯರೆಲ್ಲ ಅವಳ ಕಡೆ ನೋಡಿದರು, ಒಳಗಿದ್ದ ಅಕ್ಕ ಮಾತ್ರ ನೋಡಲಿಲ್ಲ.

"ರೀ... ಇವರೇ..." ಕ್ಯಾಪ್ಟನ್ನಿನ ದನಿ ತಡವರಿಸಿತು. ಆಮೇಲೆ ಗೋದಾಮಿನ ತಗಡು ನಡುಗುವ ಹಾಗೆ ಬಂತು. "ಪೇಂಟರಮ್ಮಾ, ಕೂತ್ಕೋ."

ಅಕ್ಕನ ಕೈ ನಿಂತಿತು. ಹಲಗೆಗೆ ಬೆನ್ನು ಮಾಡಿ ಪೂರ್ತಿ ಹಿಂದಕ್ಕೆ ತಿರುಗಿದಳು.

"ಏನಂದೆ?"

"ಪೇಂಟರಮ್ಮ, ಕೂತ್ಕೋ ಅಂದೆ. ಹೊಡೀತಾನೆ ನೋಡು."

ಕೂರಬಹುದಿತ್ತು. ಸಮಯವೂ ಇತ್ತು. ಆದರೆ ಅಕ್ಕ ಬಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದಳು, ಇನ್ನೊಂದು ಸಲ ಕೇಳಲು ನಿಂತವಳ ಹಾಗೆ. ಗುಂಡು ಬಂದು ಅವಳ ಬೆನ್ನಿಗೆ ಬಡಿದು ಒಡೆಯಿತು. ಸೀಟಿಯಾಯಿತು. ಕೈ ಮೇಲೆತ್ತಿ ಆಚೆ ಬಂದವಳ ನಡಿಗೆ ನೋಡಿದವರು ಇವಳೇ ಗೆದ್ದಳು ಅಂದುಕೊಳ್ಳಬೇಕು. ಮಾಸ್ಕು ತೆಗೆದಾಗ ಕೆನ್ನೆಗಳೆರಡೂ ಒದ್ದೆಯಾಗಿದ್ದವು. ಬಾಯಿ ಮಾತ್ರ ಕಿವಿಯವರೆಗೆ ಹರಿದಿತ್ತು.

ಭಾವ ಕರವಸ್ತ್ರ ತೆಗೆದು ಬೆನ್ನು ಒರೆಸಲು ಹೋದರು. ಅಕ್ಕ ಅವರ ಕೈಗೆ ಪಟ್ಟನೆ ಹೊಡೆದಳು. "ಮುಟ್ಟಿದ್ರೆ ನೋಡಿ."

ಪಂದ್ಯ ನಾವು ಸೋತೆವು. ಒಬ್ಬಳೇ ಉಳಿದ ಕ್ಯಾಪ್ಟನ್ ಬಹಳ ಹೊತ್ತು ತಾಳಲಿಲ್ಲ. ಕಾರಿನಲ್ಲಿ ಮುಖ ಊದಿಸಿಕೊಂಡು ಕೂತವಳು ಮೊದಲ ತಿರುವಿನಲ್ಲೇ ಶುರು ಹಚ್ಚಿಕೊಂಡಳು.

"ಪೇಂಟರಮ್ಮ, ಹಲಗೆ ಒರೆಸು ಅಂತ ನಿಂಗೆ ಯಾರು ಹೇಳಿದ್ರು? ಎದ್ದು ನಿಲ್ಬೇಡ ಅಂದಿದ್ನಾ ಇಲ್ವಾ?"

"ಅಂದಿದ್ದೆ," ಎಂದಳು ಅಕ್ಕ.

"ಮತ್ತೆ ಯಾಕೆ ನಿಂತೆ ಪೇಂಟರಮ್ಮ?"

"ಬಯ್ಯಿ, ಇನ್ನೂ ಸ್ವಲ್ಪ ಬಯ್ಯಿ," ಎಂದಳು ಅಕ್ಕ, ಹಿಂದಕ್ಕೆ ಒರಗಿದರೆ ಬಣ್ಣ ಸೀಟಿಗೆ ಹತ್ತೀತು ಎಂದು ಮುಂದಕ್ಕೆ ಬಾಗಿ ಕೂತುಕೊಂಡೇ. ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಮದುವೆ ಯಾವಾಗ ಎಂದು ಇನ್ನು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಕ್ಕ ಈಗ ಆ ಮನೆಯಲ್ಲಿದ್ದಾಳೆ. ಹೋದ ಮೊದಲ ವಾರದಲ್ಲೇ ಅಡುಗೆಮನೆ, ನಡುಮನೆ, ಮೆಟ್ಟಿಲು ಎಲ್ಲವನ್ನೂ ತಿಕ್ಕಿ, ಹೊಸ ಬಣ್ಣ ಹೊಡೆದು ಮುಗಿಸಿದಳು. ಬೂದು ಗನ್ನು ಬಾಗಿಲ ಹಿಂದೆ ಕ್ಯಾಪ್ಟನ್ನಿನ ಗನ್ನಿನ ಪಕ್ಕ ತೂಗುತ್ತದೆ, ದಿನಾ ಬಿಚ್ಚಿ ತೊಳೆದು ಫಳಫಳ ಮಾಡಿಟ್ಟಿರುತ್ತಾಳೆ. ಅದರ ಪಕ್ಕದ ಮೊಳೆಗೆ ಆ ದಿನದ ಅಂಗಿ, ಬೆನ್ನು ಹೊರಗೆ ಮಾಡಿ ನೇತುಹಾಕಿದೆ. ಅಂಗೈಯಗಲದ ಕಿತ್ತಳೆ ಬಣ್ಣ ಹಾಗೇ ಇದೆ. ಆ ಮನೆಯಲ್ಲಿ ಅಕ್ಕ ಒರೆಸದೆ ಬಿಟ್ಟ ಕಲೆ ಅದೊಂದೇ.