ಬರೆಯಲಾಗದ ಕಾರಣ

ಸರ್ವಮಂಗಳಾಗೆ ಕಾಮಾಲೆ ಬಂದಿರಲೇ ಇಲ್ಲ. ಆದರೂ ಮೂರು ವಾರ ಮೂಗು ಮುಚ್ಚಿಕೊಂಡು ನೆಲನೆಲ್ಲಿ ಕಷಾಯ ಕುಡಿದಳು. ಅತ್ತೆ ಸರಸ್ವತಮ್ಮ ಬೀದಿಗೆಲ್ಲ ಕಾಮಾಲೆ ಎಂದು ಸಾರಿಬಿಟ್ಟಿದ್ದರು. ಅಕ್ಕಪಕ್ಕದವರು ಪ್ರೀತಿಯಿಂದ ಅರೆದು ತಂದಿದ್ದನ್ನು ಬೇಡ ಎನ್ನುವುದು ಹೇಗೆ? ಮನೆಯಲ್ಲಿ ಒಗ್ಗರಣೆಗೂ ರಜೆ. ಅವಳ ಗಂಡ ಪಾಪ, ಯಾವ ತಪ್ಪೂ ಮಾಡದೆ ಸಪ್ಪೆ ಮಜ್ಜಿಗೆ ಅನ್ನ ತಿಂದು ಸೊರಗಿದ.

ನಿಜ ಸಂಗತಿ ಬೇರೆ. ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅವಳು ಹನ್ನೊಂದು ವರ್ಷದಿಂದ ನರ್ಸು. ತೊಂಬತ್ತೆಂಟರ ಬೇಸಿಗೆಯಲ್ಲಿ ಇಬ್ಬರು ನರ್ಸುಗಳು ಕೆಲಸ ಬಿಟ್ಟು ಸೌದಿಗೆ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ತಿಂಗಳು ಇವಳಿಗೆ ಡಬಲ್ ಡ್ಯೂಟಿ. ನಿದ್ದೆ ಹೋಯಿತು, ಊಟ ಸೇರದಾಯಿತು. ಒಂದು ಮಧ್ಯಾಹ್ನ ಔಷಧಿಯ ಟ್ರೇ ಹಿಡಿದು ನಿಂತಲ್ಲೇ ಅಳು ಶುರುವಾಯಿತು, ನಿಲ್ಲಲೇ ಇಲ್ಲ. ಮನೋವೈದ್ಯರು ಖಿನ್ನತೆ ಎಂದರು, ಮಾತ್ರೆ ಕೊಟ್ಟರು, ಮೂರು ವಾರದ ರಜೆಗೆ ಕಾಗದ ಬರೆದುಕೊಟ್ಟರು. ಮಾತ್ರೆ ಹಿಡಿಸಿತು. ನಿದ್ದೆ ಬಂತು. ತನ್ನ ವಾರ್ಡಿಗೆ ಯಾವಾಗ ಹೋಗುತ್ತೇನೋ ಎನ್ನುವ ಆಸೆಯೂ ಬಂತು.

ರಜೆ ಮುಗಿದು ಕೆಲಸಕ್ಕೆ ಹೊರಡುವ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು. "ಪರಿಚಯದ ಡಾಕ್ಟ್ರ ಹತ್ರ ಕಾಮಾಲೆ ಅಂತ ಬರೆಸಿ ನಿನ್ನ ಆಸ್ಪತ್ರೆಗೆ ಆಗ್ಲೇ ಕಳ್ಸಿದೀನಿ ಮಂಗಳಾ. ನಿನ್ನ ಹತ್ರ ಇರೋ ಕಾಗದ ಹರಿದು ಹಾಕ್ಬಿಡು. ನಿನ್ನ ನಾದಿನಿಗೆ ಗಂಡು ನೋಡ್ತಿದೀವಿ, ನೆನಪಿರ್ಲಿ."

ನೆನಪಿತ್ತು. ಕಾಗದ ಮಾತ್ರ ಬ್ಯಾಗಿನಲ್ಲೇ ಉಳಿಯಿತು.

ನರ್ಸಿಂಗ್ ಹೋಮಿನಲ್ಲಿ, ಅತ್ತೆ ಕಳಿಸಿದ ಸರ್ಟಿಫಿಕೇಟನ್ನು ಮೇಟ್ರನ್ ಚೂಡಾಮಣಿ ಎರಡು ಬೆರಳಲ್ಲಿ ಎತ್ತಿ ಹಿಡಿದರು. ಅಂದು ಅಳುತ್ತಿದ್ದವಳನ್ನು ಆಟೋ ಹತ್ತಿಸಿದವರೇ ಅವರು. ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

"ನಿಮ್ಮತ್ತೆಗೆ ಬೇರೆ ಕಾಯಿಲೆ ಸಿಗ್ಲಿಲ್ವಾ? ಕಾಮಾಲೆ ಬಂದ ನರ್ಸನ್ನ ರೋಗಿಗಳ ಹತ್ರ ಬಿಡೋಕಾಗತ್ತಾ? ಬೆನ್ನುನೋವು ಅಂತ ಬರೆಸ್ಕೊಂಡು ಬಾ. ನಮ್ಮಲ್ಲಿ ಯಾರಿಗಿಲ್ಲ ಬೆನ್ನುನೋವು?"

ಕಾಯಿಲೆಗಳಲ್ಲೂ ಮರ್ಯಾದಸ್ಥರು, ಮಾನಗೆಟ್ಟವರು ಇರುತ್ತಾರೆ ನೋಡಿ. ಕಾಯಿಲೆಯನ್ನೇ ಕಸುಬು ಮಾಡಿಕೊಂಡವರೂ ಅದನ್ನು ಹೀಗೆ ಜರಡಿ ಹಿಡಿದರೆ ಉಳಿದವರ ಗತಿಯೇನು? ಸರ್ವಮಂಗಳಾಗೆ ರೇಗಿತು. ಬ್ಯಾಗಿನಿಂದ ನಿಜವಾದ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

ಚೂಡಾಮಣಿ ಅದರ ಮೇಲೆ ಅಂಗೈ ಮುಚ್ಚಿದರು. "ಇದು ಫೈಲಿಗೆ ಹೋದ್ರೆ ನಿನ್ನ ವಾರ್ಡಿಗೆ ಬಿಡಲ್ಲ. ಬಟ್ಟೆ ಕೋಣೇಲಿ ಬೆಡ್‌ಶೀಟ್ ಮಡಚ್ಕೊಂಡು ಇರ್ಬೇಕು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನಿದ್ದೆ ಇಲ್ದೆ ತೂಗಾಡ್ತಿದ್ದಾಗ ಎರಡು ತಿಂಗಳು ನನ್ನ ಕೈಗೆ ಸಿರಿಂಜ್ ಕೊಟ್ರಿ ಮೇಡಂ. ಆಗ ನಿಮಗೆ ಭಯ ಆಗ್ಲಿಲ್ಲ. ಈಗ ನಿದ್ದೆ ಮಾಡಿ ಬಂದಿದೀನಿ."

"ಜನ ಕೇಳ್ಬೇಕಲ್ಲ ಮಂಗಳಾ."

"ಹಾಗಾದ್ರೆ ಆರ್ಡರ್ ಬರೆದುಕೊಡಿ. ವಾರ್ಡಿಂದ ಯಾಕೆ ತೆಗೀತಿದೀರಿ ಅಂತ ಕಾರಣ ಹಾಕಿ, ಸಹಿ ಮಾಡಿ. ನಾನು ಬಟ್ಟೆ ಕೋಣೆಗೆ ಹೋಗ್ತೀನಿ."

ಚೂಡಾಮಣಿ ಬರೆಯತೊಡಗಿದರು. ಹೆಸರು ಬರೆದರು, ತಾರೀಖು ಹಾಕಿದರು, 'ಕಾರಣ' ಎಂದು ಬರೆದು ಪೆನ್ನು ನಿಲ್ಲಿಸಿದರು. ಮುಂದಿನ ಪದ ಬರೆಯಲು ಅವರಿಗೂ ಸಂಕೋಚ. ಬರೆದರೆ ಡಬಲ್ ಡ್ಯೂಟಿಯ ಕಥೆಯೂ ಅದರ ಹಿಂದೆಯೇ ಹೊರಬರುತ್ತದೆಂಬ ಅಂಜಿಕೆ ಬೇರೆ.

"ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಸಾಲ್ದು ಮೇಡಂ."

ಗೋಡೆ ಗಡಿಯಾರದಲ್ಲಿ ಎಂಟಾಯಿತು. ಬೆಳಗಿನ ಪಾಳಿ ಶುರುವಾಗುವ ಹೊತ್ತು. ಕಾಗದ ಹಾಗೇ ಅರ್ಧಕ್ಕೆ ನಿಂತಿತ್ತು. ಸರ್ವಮಂಗಳಾ ಟೋಪಿಗೆ ಪಿನ್ನು ಸಿಕ್ಕಿಸಿಕೊಂಡು ವಾರ್ಡಿಗೆ ಹೊರಟಳು. ಯಾರೂ ಹಿಂದಕ್ಕೆ ಕರೆಯಲಿಲ್ಲ.

ಮೊದಲ ಹಾಸಿಗೆಯಲ್ಲಿ ಆಂಡಾಳ್ ಅಜ್ಜಿ. ಸಕ್ಕರೆ ಕಾಯಿಲೆ, ಎರಡು ತಿಂಗಳಿಗೊಮ್ಮೆ ಸೇರುವವರು.

"ಕಾಮಾಲೆ ವಾಸಿ ಆಯ್ತಾ ಸಿಸ್ಟರ್?"

ಹೂಂ ಎಂದರೆ ಮುಗಿಯುತ್ತಿತ್ತು. "ಕಾಮಾಲೆ ಅಲ್ಲ ಅಜ್ಜಿ, ಅದು ಸುಳ್ಳು. ಮನಸ್ಸಿನ ಕಾಯಿಲೆ ಆಗಿತ್ತು. ಔಷಧಿ ತಗೋತಿದೀನಿ, ವಾಸಿ ಆಗ್ತಿದೆ. ಇನ್ಸುಲಿನ್ ಹಾಕ್ಬೇಕು, ಹಾಕ್ಲಾ?"

ಪಕ್ಕದ ಹಾಸಿಗೆಯವರು ಇತ್ತ ತಿರುಗಿದರು. ಅಜ್ಜಿ ಅವಳ ಮುಖವನ್ನೇ ನೋಡಿದರು, ಕೈಯಲ್ಲಿದ್ದ ಸಿರಿಂಜನ್ನೂ ನೋಡಿದರು. ಸರ್ವಮಂಗಳಾ ಕಣ್ಣು ತಗ್ಗಿಸಲಿಲ್ಲ.

ಅಜ್ಜಿ ರವಿಕೆಯ ತೋಳು ಮೇಲೆ ಸರಿಸಿದರು. "ಹಾಕಿ. ನೀವಿಲ್ದೆ ಇದ್ದಾಗ ಬಂದವಳು ಮೂರು ಕಡೆ ಚುಚ್ಚಿದ್ಲು."